ಇಪ್ಪತ್ತೊಂಬತ್ತು ಗಂಟೆ ನಲವತ್ತು ನಿಮಿಷ

ಬಾಸ್ಕೊ, ಬಟಾನೆಸ್
9 ಜೂನ್ 1996, ಭಾನುವಾರ

ಕಡಲಪಾಚಿ ಬೀಜಪರೀಕ್ಷಾ ಸಮಿತಿಯ ಅಧ್ಯಕ್ಷರಿಗೆ, ಸಂಬೊವಾಂಗಾ

ಮಾನ್ಯರೇ,

ಈ ಪತ್ರವನ್ನು ಎರಡು ಸಲ ಬರೆದು ಮುಗಿಸಿದ್ದೆ. ಎರಡು ಸಲವೂ ಒಂದು ವಿಷಯವನ್ನು ಬಿಟ್ಟಿದ್ದೆ. ಓದಿ ನೋಡಿದರೆ ಅದಿಲ್ಲದೆಯೂ ಪತ್ರ ಸರಿಯಾಗಿಯೇ ಕಾಣುತ್ತಿತ್ತು. ಆದ್ದರಿಂದ ಈ ಸಲ ಅದನ್ನೇ ಮೊದಲು ಬರೆಯುತ್ತೇನೆ: ಬೊಂಗಾವೊದಿಂದ ನಾನು ತಂದ ಕಡಲಪಾಚಿಯ ಬೀಜದ ತುಂಡುಗಳು ಸತ್ತದ್ದು ದಾರಿ ದೂರವಾದ್ದರಿಂದ ಅಲ್ಲ. ಪ್ರಯಾಣದ ಇಪ್ಪತ್ತೈದನೆಯ ಗಂಟೆಯವರೆಗೆ ಅವು ಚೆನ್ನಾಗಿದ್ದವು. ಆಮೇಲೆ ಆದದ್ದು ನನ್ನ ಕೈಯಿಂದ.

ಮಾರ್ಚ್ 8ರ ನನ್ನ ವರದಿಯ ಅಂಕಿಗಳಲ್ಲಿ ಒಂದೂ ಸುಳ್ಳಿಲ್ಲ. ಅವನ್ನು ಓದಿದ ಯಾರೇ ಆದರೂ ನೀವು ಬಂದ ತೀರ್ಮಾನಕ್ಕೇ ಬರುತ್ತಿದ್ದರು. ಜೂನ್ 27ರ ಸಭೆಯಲ್ಲಿ ಮರ್ಹಾನಾ ಅಸ್ಜಲಿ ಅವರ ಬೀಜದ ತೋಟವನ್ನು ದೂರದ ದ್ವೀಪಗಳಿಗೆ ಕಳಿಸುವವರ ಪಟ್ಟಿಯಿಂದ ತೆಗೆಯುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ನಡೆದದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಗಂಟೆ, ನಿಮಿಷಗಳ ಸಮೇತ ಬರೆದು ಸಹಿ ಹಾಕಿದ್ದೇನೆ.

ಕ್ಲಾರಿತಾ ಹೊಂಟೊಮಿನ್
ಭೂಗೋಳ ಶಿಕ್ಷಕಿ

*

ಬಾಸ್ಕೊ
14 ಜನವರಿ 1996

ಪ್ರೀತಿಯ ಮರ್ಹಾನಾ,

ಹತ್ತು ವರ್ಷದಿಂದ ಹೊಸವರ್ಷದ ಕಾರ್ಡು ಬಿಟ್ಟು ಬೇರೇನೂ ಕಳಿಸದವಳು ಉದ್ದದ ಪತ್ರ ಬರೆಯುತ್ತಿದ್ದಾಳೆ ಎಂದರೆ ಏನೋ ಕೇಳಲಿಕ್ಕಿದೆ ಎಂದು ನೀನು ಆಗಲೇ ಊಹಿಸಿರುತ್ತೀಯ. ನಿಜ, ಕೇಳಲಿಕ್ಕಿದೆ. ಅದಕ್ಕೆ ಮೊದಲು ಒಂದು ದಾರದ ವಿಷಯ.

ಕಳೆದ ವಾರ ತರಗತಿಯಲ್ಲಿ ಮಕ್ಕಳ ಕೈಗೆ ದಾರ ಕೊಟ್ಟು, ಗ್ಲೋಬಿನ ಮೇಲೆ ನಮ್ಮ ಬಾಸ್ಕೊ ವಿಮಾನ ನಿಲ್ದಾಣದಿಂದ ದೇಶದ ತುತ್ತತುದಿಯ ನಿಮ್ಮ ಸಂಗಾ-ಸಂಗಾ ನಿಲ್ದಾಣದವರೆಗೆ ಅಳೆಯಿಸಿದೆ. ಉತ್ತರ ಸಾವಿರದ ಏಳುನೂರ ಇಪ್ಪತ್ತು ಕಿಲೊಮೀಟರ್ ಬಂತು.

"ವಿಮಾನದಲ್ಲಿ ಎಷ್ಟು ಹೊತ್ತು ಟೀಚರ್?"

"ನೀವೇ ಭಾಗಿಸಿ."

"ಮೂರೂವರೆ ಗಂಟೆ! ಅಂದ್ರೆ ಬೆಳಿಗ್ಗೆ ತಿಂಡಿ ತಿಂದ್ಕೊಂಡು ಹೊರಟ್ರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರ್ತೀವಿ."

"ಊಟ ಯಾರ ಮನೇಲಿ ಟೀಚರ್?"

ನಾನು ಯೋಚಿಸದೆ "ನನ್ನ ಗೆಳತಿ ಮರ್ಹಾನಾ ಮನೇಲಿ" ಎಂದುಬಿಟ್ಟೆ. ಹಾಗಾಗಿ ಮೂವತ್ತೊಂದು ಮಕ್ಕಳಿಗೆ ನಿನ್ನ ಮನೆಯಲ್ಲಿ ಊಟ ಹೇಳಿದ್ದೇನೆ. ಕ್ಷಮಿಸು.

ಈಗ ಕೇಳಬೇಕಾದದ್ದು. ಪಕ್ಕದ ಮಹಾತಾವೊದಲ್ಲಿ ಎಂಟು ಹೆಂಗಸರ ಒಂದು ಗುಂಪಿದೆ. ಬೆಳ್ಳುಳ್ಳಿ ಬೆಳೆಯುತ್ತಾರೆ. ಅದು ಮುಗಿದ ಮೇಲೆ ಅವರಿಗೆ ಮಾಡಲು ಏನೂ ಇಲ್ಲ. ಅಲ್ಲಿ ಬಂಡೆಗಳ ಹಿಂದೆ ಒಂದು ಸಣ್ಣ ಕೊಲ್ಲಿ ಇದೆ. ಫೆಬ್ರುವರಿಯಿಂದ ಜೂನ್‌ವರೆಗೆ ನೀರು ಅಲುಗುವುದಿಲ್ಲ. ನೀನು ಹಾಸ್ಟೆಲಿನಲ್ಲಿ ಹೇಳುತ್ತಿದ್ದೆಯಲ್ಲ, ನಿಮ್ಮೂರಿನ ಹೆಂಗಸರು ಸಮುದ್ರದಲ್ಲಿ ಹಗ್ಗ ಕಟ್ಟಿ ಕಡಲಪಾಚಿ ಬೆಳೆಯುವ ವಿಷಯ, ಅದನ್ನು ಅವರಿಗೆ ಹೇಳಿದೆ. ಈಗ ದಿನಾ ಕೇಳುತ್ತಾರೆ. ಬೀಜವೆಂದರೆ ಹಸಿ ಪಾಚಿಯ ತುಂಡುಗಳೇ ಎಂದಿದ್ದೆಯಲ್ಲ, ಅವು ಇಷ್ಟು ದೂರ ಬದುಕಿ ಬರುತ್ತವೆಯೇ? ಫೆಬ್ರುವರಿ ಕೊನೆಯಲ್ಲಿ ನನಗೆ ಸಂಬೊವಾಂಗಾದಲ್ಲಿ ತರಬೇತಿ ಇದೆ. ಮುಗಿದ ಮೇಲೆ ನಿನ್ನಲ್ಲಿಗೆ ಬಂದು ನಾನೇ ಹೊತ್ತು ತರಬಲ್ಲೆ.

ನಿನ್ನ
ಕ್ಲಾರಿತಾ

*

ಬೊಂಗಾವೊ, ತಾವಿ-ತಾವಿ
2 ಫೆಬ್ರುವರಿ 1996

ಏ ಕ್ಲಾರಿತಾ,

ಉಪವಾಸದ ತಿಂಗಳು. ಅಡುಗೆಮನೆ ಸಂಜೆವರೆಗೆ ತಣ್ಣಗಿರುತ್ತದೆ, ಬರೆಯಲು ಹೊತ್ತಿದೆ. ನಿನ್ನ ಮೂವತ್ತೊಂದು ಮಕ್ಕಳು ಹಬ್ಬ ಕಳೆದ ಮೇಲೆ ಬರಲಿ. ಮರಗೆಣಸಿನ ಪುಟ್ಟು, ಸುಟ್ಟ ಮೀನು. ತಟ್ಟೆ ಅವರೇ ತರಲಿ.

ಆದರೆ ಮಾರಾಯ್ತಿ, ವಿಮಾನ ನಿನ್ನ ದಾರದ ಮೇಲೆ ಹಾರುವುದಿಲ್ಲ ಎಂದು ಆ ಮಕ್ಕಳಿಗೆ ಯಾರಾದರೂ ಹೇಳಿದ್ದಾರಾ? ಇಲ್ಲಿಂದ ಸಂಬೊವಾಂಗಾ, ಅಲ್ಲಿಂದ ಮನಿಲಾ, ಅಲ್ಲಿ ರಾತ್ರಿ ತಂಗಬೇಕು, ಆಮೇಲೆ ನಿಮ್ಮ ಪುಟಾಣಿ ವಿಮಾನ. ಮೂವತ್ತು ಗಂಟೆ ಎಂದು ಇಟ್ಟುಕೋ. ಮೂವತ್ತು ಗಂಟೆಗೆ ನನ್ನ ಬೀಜಕ್ಕೆ ಏನೂ ಆಗುವುದಿಲ್ಲ. ಹಲೀಲಾ ಚಿಕ್ಕಮ್ಮ ಕಟ್ಟಿದರೆ ನಲವತ್ತಕ್ಕೂ ಏನೂ ಆಗುವುದಿಲ್ಲ.

ಚಿಕ್ಕಮ್ಮನನ್ನು ನೀನು ನೋಡಿಲ್ಲ. ವಯಸ್ಸು ಎಪ್ಪತ್ತು ದಾಟಿದೆ. ಇಲ್ಲಿನ ಇಪ್ಪತ್ತೆರಡು ಮನೆಗಳ ಬೀಜವನ್ನು ಅವರೇ ಕಟ್ಟುವುದು. ಗೋಣಿಯನ್ನು ಸಮುದ್ರದ ನೀರಲ್ಲಿ ನೆನೆಸಿ, ಒಳಗೆ ಬಾಳೆಎಲೆ ಹಾಸಿ, ತುಂಡುಗಳನ್ನು ಬೆನ್ನಿಗೆ ಬೆನ್ನು ತಾಗದಂತೆ ಮಲಗಿಸುತ್ತಾರೆ. ನಾನು ಇಪ್ಪತ್ತು ವರ್ಷ ನೋಡಿ ಕಲಿತೆ, ಈಗಲೂ ನಾನು ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತಾರೆ. "ನಿನ್ನ ಕೈಗೆ ಓದು ಜಾಸ್ತಿಯಾಯ್ತು" ಅಂತಾರೆ.

ಇನ್ನೊಂದು ವಿಷಯ. ಸಂಬೊವಾಂಗಾದಲ್ಲಿ ಈಗ ಒಂದು ಸಮಿತಿ ಕೂತಿದೆ. ದೂರದ ದ್ವೀಪಗಳಿಗೆ ಬೀಜ ಯಾವ ತೋಟದಿಂದ ಹೋಗಬೇಕು ಎಂದು ಅವರು ಆರಿಸುತ್ತಾರೆ. ನಾವೂ ಹೆಸರು ಕೊಟ್ಟಿದ್ದೇವೆ. ನಿನ್ನ ಪ್ರಯಾಣವನ್ನೇ ನಮ್ಮ ಪರೀಕ್ಷೆ ಎಂದು ಬರೆಸುತ್ತೇನೆ. ಇದಕ್ಕಿಂತ ದೂರ ಈ ದೇಶದಲ್ಲಿ ಇಲ್ಲವಲ್ಲ. ವರದಿ ನೀನೇ ಬರೆ. ಮೇಷ್ಟ್ರ ಬರವಣಿಗೆ ಅಂದರೆ ನಂಬುತ್ತಾರೆ.

ನಿಯಮ ಈಗಲೇ ಹೇಳುತ್ತೇನೆ. ಬಿಸಿಲು ಬೇಡ. ಮೂರು ಗಂಟೆಗೊಮ್ಮೆ ಡಬ್ಬಿಯಲ್ಲಿ ಕೊಟ್ಟ ಸಮುದ್ರದ ನೀರು ಚಿಮುಕಿಸು. ಸಿಹಿನೀರು ಒಂದು ಹನಿಯೂ ಬೇಡ. ಮಳೆ ಬಂದರೆ ನೀನು ನೆನೆ, ಮೂಟೆ ನೆನೆಯಬಾರದು.

ಬಾ. ಹದಿನೆಂಟು ವರ್ಷವಾಯಿತು.

ಮರ್ಹಾನಾ

*

ಬಾಸ್ಕೊ
8 ಮಾರ್ಚ್ 1996

ಪ್ರೀತಿಯ ಮರ್ಹಾನಾ,

ಸಮಿತಿಗೆ ಕಳಿಸಿದ ವರದಿಯ ಪ್ರತಿಯನ್ನು ಇಲ್ಲೇ ಇಳಿಸಿದ್ದೇನೆ.

"ಎರಡು ನಿಲ್ದಾಣಗಳ ನಡುವಿನ ನೇರ ದೂರ: 1,720 ಕಿ.ಮೀ. ಹೊರಟದ್ದು: ಸಂಗಾ-ಸಂಗಾ, ಸೋಮವಾರ 4 ಮಾರ್ಚ್, ಬೆಳಿಗ್ಗೆ 10.20. ಸೇರಿದ್ದು: ಬಾಸ್ಕೊ, ಮಂಗಳವಾರ 5 ಮಾರ್ಚ್, ಸಂಜೆ 4.00. ಒಟ್ಟು 29 ಗಂಟೆ 40 ನಿಮಿಷ. ಇದರಲ್ಲಿ ಆಕಾಶದಲ್ಲಿ 4 ಗಂಟೆ 55 ನಿಮಿಷ, ನೆಲದ ಮೇಲೆ 24 ಗಂಟೆ 45 ನಿಮಿಷ. ಮೂಟೆಯ ತೂಕ ಹೊರಡುವಾಗ 14 ಕಿಲೊ, ಸೇರುವಾಗ 9 ಕಿಲೊ. ಬಾಸ್ಕೊದಲ್ಲಿ ಬಿಚ್ಚಿದಾಗ ಬೀಜದ ತುಂಡುಗಳು ಬದುಕಿರಲಿಲ್ಲ."

ಬೇರೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ನಿನ್ನ ಮನೆಯಲ್ಲಿ ಕಳೆದ ಮೂರು ದಿನವನ್ನು ಮರೆಯಲಾರೆ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅವರು ಅಷ್ಟು ಚೆನ್ನಾಗಿ ಕಟ್ಟಿಕೊಟ್ಟಿದ್ದರು. ಮೂರು ಗಂಟೆಗೊಮ್ಮೆ ನೀರು ಚಿಮುಕಿಸಿದೆ, ರಾತ್ರಿ ಗಡಿಯಾರಕ್ಕೆ ಅಲಾರಂ ಇಟ್ಟುಕೊಂಡು ಕೂಡ.

ದೂರ ಬಹಳವಾಯಿತು ಅಂತ ಕಾಣುತ್ತದೆ. ಕ್ಷಮಿಸು.

ಕ್ಲಾರಿತಾ

*

ಬೊಂಗಾವೊ
25 ಮಾರ್ಚ್ 1996

ಕ್ಲಾರಿತಾ,

ನೀನು ಯಾಕೆ ಕ್ಷಮೆ ಕೇಳುತ್ತೀಯ? ಕಟ್ಟಿದವರು ನಾವು. ತಪ್ಪಾಗಿದ್ದರೆ ನಮ್ಮದು.

ಸಮಿತಿಯವರಿಗೆ ನಿನ್ನ ವರದಿ ತಲುಪಿತು. ಅವರು ಹೇಳುವುದು: ಬೊಂಗಾವೊದ ಬೀಜ ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ತಾಳುವುದಿಲ್ಲ, ಹತ್ತಿರದ ದ್ವೀಪಗಳಿಗೆ ಮಾತ್ರ ಸಾಕು. ಕೊನೆಯ ತೀರ್ಮಾನ ಜೂನ್ 27ಕ್ಕೆ. ಅಷ್ಟರೊಳಗೆ ಬೇರೆ ಸಾಕ್ಷಿ ಇದ್ದರೆ ಸಹಿ ಹಾಕಿ ಕಾಗದದಲ್ಲಿ ಕೊಡಬೇಕಂತೆ. ಹತ್ತಿರದ ದ್ವೀಪಗಳಿಗೆ ಆಗಲೇ ಹತ್ತು ತೋಟದವರು ಕಳಿಸುತ್ತಿದ್ದಾರೆ. ದೂರದ ಪಟ್ಟಿಯಿಂದ ಹೊರಬಿದ್ದರೆ ಈ ಇಪ್ಪತ್ತೆರಡು ಮನೆಗಳ ಬೀಜ ಯಾರಿಗೂ ಬೇಡ.

ಚಿಕ್ಕಮ್ಮನಿಗೆ ನಾನು ಹೇಳಿರಲಿಲ್ಲ. ದೋಣಿಕಟ್ಟೆಯ ಹುಡುಗಿಯರು ಹೇಳಿಬಿಟ್ಟರು. ಹಗ್ಗ ಕಟ್ಟುತ್ತಾ ಕೂತಿದ್ದಾಗ ಒಬ್ಬಳು, "ಅಜ್ಜಿ, ನೀವು ಕಟ್ಟಿದ ಮೂಟೆ ವಿಮಾನ ಹತ್ತಿ ತಲೆ ತಿರುಗಿ ಬಿತ್ತಂತೆ!" ಅಂದಳು. ಎಲ್ಲರೂ ನಕ್ಕರು, ಚಿಕ್ಕಮ್ಮನೂ ನಕ್ಕರು. ಇನ್ನೊಬ್ಬಳು, "ಇನ್ಮೇಲೆ ಥರ್ಮೊಕೋಲ್ ಪೆಟ್ಟಿಗೇಲಿ ಹಾಕೋಣ, ಗೋಣಿ ಎಲ್ಲ ಹಳೇ ಕಾಲದ್ದು" ಅಂದಳು. ಆಗ ಚಿಕ್ಕಮ್ಮ ನಗಲಿಲ್ಲ. ಮರುದಿನ ದಾರದ ಉಂಡೆಯನ್ನು ನನ್ನ ಮಡಿಲಿಗೆ ಹಾಕಿ, "ನಿನ್ ಕೈಯೇ ವಾಸಿ ಈಗ, ನೀನೇ ಕಟ್ಟು" ಅಂದರು. ಅಂದಿನಿಂದ ಅವರು ನಮ್ಮ ಕಂಬದ ಮನೆಯ ಏಣಿಯ ಮೇಲೆ ಕೂತು ಸಮುದ್ರ ನೋಡುತ್ತಾರೆ, ಕೈ ಮಡಿಲಲ್ಲಿ. ಕೈ ಖಾಲಿ ಇದ್ದದ್ದನ್ನು ನಾನು ಇದುವರೆಗೆ ನೋಡಿರಲಿಲ್ಲ.

ಎರಡು ಪ್ರಶ್ನೆ. ಮೂಟೆಯಿಂದ ಐದು ಕಿಲೊ ನೀರು ಹೋಯಿತಲ್ಲ, ಎಲ್ಲಿ ಹೋಯಿತು? ಮೂರು ಗಂಟೆಗೊಮ್ಮೆ ಚಿಮುಕಿಸಿದರೆ ಅಷ್ಟು ಇಳಿಯುವುದಿಲ್ಲ. ಎರಡನೆಯದು: ನೀನು ಕಿಲೊಮೀಟರ್ ಬರೆದೆ, ಗಂಟೆ ಬರೆದೆ, ನಿಮಿಷ ಬರೆದೆ. ಬಣ್ಣ ಬರೆಯಲಿಲ್ಲ. ಬಿಚ್ಚಿದಾಗ ಪಾಚಿಯ ಬಣ್ಣ ಏನಿತ್ತು?

ಚಿಕ್ಕಮ್ಮ ಮೊದಲು ಕೇಳಿದ್ದೇ ಅದನ್ನು.

ಮರ್ಹಾನಾ

*

ಬಾಸ್ಕೊ
21 ಏಪ್ರಿಲ್ 1996

ಪ್ರೀತಿಯ ಮರ್ಹಾನಾ,

ಉತ್ತರ ತಡವಾಯಿತು. ಶಾಲೆಯ ಕೊನೆಯ ವಾರಗಳು, ಪ್ರಮಾಣಪತ್ರ ಬರೆಯುವ ಕೆಲಸವೆಲ್ಲ ನನ್ನ ಮೇಲೆ ಬಿತ್ತು. ಅಕ್ಷರ ಚೆನ್ನಾಗಿದೆ ಎಂಬುದೇ ತಪ್ಪಾಯಿತು.

ಇಲ್ಲಿ ಹಾರುಮೀನಿನ ಕಾಲ. ಮಹಾತಾವೊದ ಗಂಡಸರೆಲ್ಲ ದೋಣಿಯಲ್ಲಿ. ಹಾರುಮೀನನ್ನು ಗಾಳಕ್ಕೆ ಸಿಕ್ಕಿಸಿ ದೊಡ್ಡ ಅರಾಯು ಮೀನು ಹಿಡಿಯುತ್ತಾರೆ. ಪ್ರತಿ ಮನೆಯ ಮುಂದೆಯೂ ಮೀನು ಸೀಳಿ ಒಣಗಲು ನೇತುಹಾಕಿದ್ದಾರೆ. ಸಂಜೆ ಗಾಳಿ ಬೀಸಿದರೆ ಊರಿಡೀ ಅದೇ ವಾಸನೆ. ಎಂಟು ಹೆಂಗಸರು ನಿನ್ನ ಬೀಜದ ವಿಷಯ ಆಗಾಗ ಎತ್ತುತ್ತಾರೆ, ಆದರೆ ಬೇಸರವಿಲ್ಲ. ದೂರದ ಮೇಲೆ ಯಾರು ತಾನೇ ಬೇಸರ ಮಾಡಿಕೊಳ್ಳುತ್ತಾರೆ?

ಥರ್ಮೊಕೋಲ್ ಪೆಟ್ಟಿಗೆಯ ಯೋಚನೆ ಕೆಟ್ಟದ್ದಲ್ಲ ಅನ್ನಿಸುತ್ತದೆ. ಒಮ್ಮೆ ಪ್ರಯತ್ನಿಸಿ ನೋಡಬಹುದು.

ಚಿಕ್ಕಮ್ಮನಿಗೆ ನಮ್ಮ ಹೊಲದ ಬೆಳ್ಳುಳ್ಳಿ ಒಂದು ಜಡೆ ಕಳಿಸುತ್ತಿದ್ದೇನೆ. ಇಲ್ಲಿಯದು ಸಣ್ಣದು, ಆದರೆ ಖಾರ.

ಕ್ಲಾರಿತಾ

*

ಬೊಂಗಾವೊ
13 ಮೇ 1996

ಕ್ಲಾರಿತಾ,

ಬೆಳ್ಳುಳ್ಳಿ ಬಂತು. ಹದಿನಾಲ್ಕು ದಿನ ದಾರಿಯಲ್ಲಿತ್ತು. ಎರಡು ಎಸಳು ಮೊಳಕೆ ಒಡೆದಿದ್ದವು. ದೂರ ಎಲ್ಲವನ್ನೂ ಸಾಯಿಸುವುದಿಲ್ಲ ಅಂತ ಕಾಣುತ್ತದೆ.

ಬಕ್ರೀದ್ ಕಳೆದ ಮೇಲೆ ಚಿಕ್ಕಮ್ಮ ನನಗೆ ಹೇಳದೆ ಒಂದು ಕೆಲಸ ಮಾಡಿದರು. ನಿನಗೆ ಕೊಟ್ಟಂಥದೇ ಹದಿನಾಲ್ಕು ಕಿಲೊ ಮೂಟೆ ಕಟ್ಟಿ ಅಡುಗೆಮನೆಯ ತೊಲೆಗೆ ನೇತುಹಾಕಿದರು. ಮೂರು ಗಂಟೆಗೊಮ್ಮೆ ನೀರು ಚಿಮುಕಿಸುವುದು, ಬರುವವರು ಹೋಗುವವರು ಅದನ್ನು ಅಲುಗಾಡಿಸುವುದು. "ವಿಮಾನ ಅಲ್ಲಾಡುತ್ತಲ್ಲ, ಒಂದ್ಸಲ ತಳ್ಳಿ ಹೋಗ್ರೇ" ಅಂತ ಮಕ್ಕಳಿಗೆ ಹೇಳುತ್ತಿದ್ದರು. ಐವತ್ತೆರಡು ಗಂಟೆ ಕಳೆದ ಮೇಲೆ ಬಿಚ್ಚಿ ಹಗ್ಗಕ್ಕೆ ಕಟ್ಟಿ ಸಮುದ್ರಕ್ಕೆ ಬಿಟ್ಟರು. ಹತ್ತು ದಿನವಾಯಿತು, ಕವಲೊಡೆದು ಬೆಳೆಯುತ್ತಿದೆ.

ಸಮಿತಿಗೆ ಹೇಳಿದೆ. ಅಡುಗೆಮನೆಯ ತೊಲೆ ವಿಮಾನವಲ್ಲ, ಸಹಿ ಮಾಡಿದ ವರದಿ ಒಂದೇ ಇದೆ, ಅದು ಬಾಸ್ಕೊದ ಶಿಕ್ಷಕಿಯದು ಎಂದರು. ಅದು ಸರಿಯೇ.

ಬೀಜ ಎರಡು ಥರ ಸಾಯುತ್ತದೆ. ಒಂದರಲ್ಲಿ ಕಪ್ಪಾಗಿ ನಾರುತ್ತದೆ. ಇನ್ನೊಂದರಲ್ಲಿ ಬೆಳ್ಳಗಾಗಿ ಬೆರಳಿಗೆ ಮೆತ್ತುತ್ತದೆ. ಎರಡಕ್ಕೂ ಕಾರಣ ಬೇರೆ. ಯಾವುದಕ್ಕೆ ಯಾವುದು ಎಂದು ನಾನು ಬರೆಯುವುದಿಲ್ಲ. ಬರೆದರೆ ನಿನ್ನ ಉತ್ತರ ನಾನೇ ಹೇಳಿಕೊಟ್ಟ ಹಾಗಾಗುತ್ತದೆ. ನೀನು ಕಣ್ಣಾರೆ ಕಂಡದ್ದನ್ನು ಬರೆ. ಒಂದೇ ಪದ ಸಾಕು.

ಏಪ್ರಿಲ್‌ನಲ್ಲಿ ನೀನು ಮೀನಿನ ವಾಸನೆಯ ವಿಷಯ ಬರೆದಿದ್ದೆ. ಓದಿದೆ.

ಮರ್ಹಾನಾ

*

ಬಾಸ್ಕೊ
10 ಜೂನ್ 1996

ಮರ್ಹಾನಾ,

ಬೆಳ್ಳಗಿತ್ತು.

ನಿನ್ನ ಪತ್ರ ಮೇ 28ಕ್ಕೆ ಬಂತು. ಇವತ್ತಿಗೆ ಹದಿಮೂರು ದಿನ. ಟೆಲಿಗ್ರಾಂ ಆಫೀಸು ನಮ್ಮ ಶಾಲೆಯ ಎದುರಿಗೇ ಇದೆ, ನೀನು ಕೇಳಿದ್ದು ಒಂದೇ ಪದ. ಅಲ್ಲಿ ಕೂರುವವನು ನನ್ನ ಹಳೆಯ ವಿದ್ಯಾರ್ಥಿ, ಅವನು ಓದುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. "ಬೆಳ್ಳಗಿತ್ತು" ಎಂಬುದನ್ನು ಓದಿ ಅವನಿಗೆ ಏನು ತಿಳಿಯುತ್ತಿತ್ತು? ಏನೂ ಇಲ್ಲ. ಅದು ನೆಪ.

ನಡೆದದ್ದು ಇಷ್ಟು. ಮಂಗಳವಾರ ಬೆಳಿಗ್ಗೆ ಮನಿಲಾದಲ್ಲಿ ಸೋದರಸಂಬಂಧಿಯ ಮನೆಯಿಂದ ಹೊರಡುವಾಗ ಮೂಟೆಯ ಬಾಯಿ ಬಿಚ್ಚಿ ನೋಡಿದ್ದೆ. ತುಂಡುಗಳು ಕಂದುಹಸಿರಾಗಿದ್ದವು, ಗಟ್ಟಿಯಾಗಿದ್ದವು. ಉಗುರಿನಿಂದ ಮುರಿದರೆ ಟಕ್ ಎಂದವು. ಚಿಕ್ಕಮ್ಮ ಹಾಗೆಯೇ ಮುರಿದು ನೋಡು ಎಂದಿದ್ದರು. ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಾಸ್ಕೊ ವಿಮಾನದ ಕೌಂಟರಿನಲ್ಲಿದ್ದೆ. ಅಲ್ಲಿ ನಮ್ಮನ್ನೂ ತೂಗುತ್ತಾರೆ, ಸಾಮಾನನ್ನೂ ತೂಗುತ್ತಾರೆ; ಚಿಕ್ಕ ವಿಮಾನ. ಮೂಟೆಯಿಂದ ನೀರು ತೊಟ್ಟಿಕ್ಕಿ ತಕ್ಕಡಿಯ ಮೇಲೆ ಬಿತ್ತು. ಕೌಂಟರಿನವನು ಅದನ್ನು ಬೆರಳಿನಿಂದ ಮುಟ್ಟಿ ನಾಲಿಗೆಗೆ ಇಟ್ಟುಕೊಂಡ.

"ಉಪ್ಪುನೀರು. ಆಗಲ್ಲ ಮೇಡಂ. ಸೋರಿದ್ರೆ ಒಳಗಿನ ತಗಡೆಲ್ಲ ತುಕ್ಕು ಹಿಡಿಯುತ್ತೆ."

"ಪ್ಲಾಸ್ಟಿಕ್ ಸುತ್ತಿದ್ರೆ?"

"ತೆಳು ಕವರ್ ಆದ್ರೆ ಬೇಡ. ಹೊರಗಡೆ ಅಂಗಡೀಲಿ ಮುಚ್ಚಳದ ಡ್ರಮ್ಮು ಸಿಗುತ್ತೆ, ಅದರಲ್ಲಿ ಹಾಕ್ಕೊಂಡು ಬನ್ನಿ. ಇಲ್ಲಾಂದ್ರೆ ನೀರು ತೆಗೀರಿ. ಹನ್ನೆರಡಕ್ಕೆ ಕೌಂಟರ್ ಮುಚ್ತೀನಿ. ಮುಂದಿನ ವಿಮಾನ ಶುಕ್ರವಾರ."

ಅವನ ಮೇಲೆ ತಪ್ಪಿಲ್ಲ. ಅವನು ದಾರಿಯನ್ನೂ ತೋರಿಸಿದ. ಅಂಗಡಿ ರಸ್ತೆಯ ಆಚೆ ಇತ್ತು. ನಲವತ್ತು ನಿಮಿಷದಲ್ಲಿ ಹೋಗಿ ಬರಬಹುದಿತ್ತು, ಬರದೆಯೂ ಇರಬಹುದಿತ್ತು. ನನ್ನ ರಜೆ ಅವತ್ತಿಗೆ ಮುಗಿಯುತ್ತಿತ್ತು. ಮಹಾತಾವೊದ ಎಂಟೂ ಜನ ನಿಲ್ದಾಣಕ್ಕೆ ಬಂದು ನಿಲ್ಲುತ್ತೇವೆ ಎಂದಿದ್ದರು. ನಾನು ಮೂಟೆಯನ್ನು ಕೈತೊಳೆಯುವ ಜಾಗಕ್ಕೆ ಒಯ್ದು ಹಿಂಡಿದೆ. ವಾಪಸ್ ತಂದೆ. ಅವನು ಮತ್ತೆ ಬೆರಳು ಇಟ್ಟು ನೋಡಿ, "ಇನ್ನೂ ಉಪ್ಪು" ಎಂದ. ಎರಡನೆಯ ಸಲ ಒಯ್ದಾಗ ಗೋಣಿ ಬಿಚ್ಚಿ, ಎಲ್ಲವನ್ನೂ ತೊಟ್ಟಿಯಲ್ಲಿ ಹಾಕಿ, ನಲ್ಲಿ ತಿರುಗಿಸಿ ತೊಳೆದೆ. ಮೂರು ನೀರು. ಉಪ್ಪು ಹೋಗುವವರೆಗೆ. ಆಮೇಲೆ ತೊಟ್ಟಿಕ್ಕದಂತೆ ಮತ್ತೆ ಹಿಂಡಿ ಕಟ್ಟಿದೆ. ಐದು ಕಿಲೊ ಹೋದದ್ದು ಅಲ್ಲಿ.

ನೀನು ಹೇಳಿದ್ದು ಮರೆತಿತ್ತು ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಒಂದು ಹನಿಯೂ ಬೇಡ ಎಂದು ನೀನು ಬರೆದದ್ದು ನಲ್ಲಿ ತಿರುಗಿಸುವಾಗ ನೆನಪಾಯಿತು. ಆದರೂ ಕೈ ನಿಲ್ಲಲಿಲ್ಲ. ಯಾಕೆ ಎಂದು ಮೂರು ತಿಂಗಳು ಯೋಚಿಸಿದ್ದೇನೆ. ಇಲ್ಲಿ ಬಿರುಗಾಳಿ ನಿಂತ ಕೂಡಲೇ ನಾವು ಮಾಡುವ ಮೊದಲ ಕೆಲಸ ಉಪ್ಪು ತೊಳೆಯುವುದು. ಗಾಳಿ ಸಮುದ್ರವನ್ನೇ ಎತ್ತಿ ಊರಿನ ಮೇಲೆ ಎರಚಿರುತ್ತದೆ. ಕುಂಬಳದ ಬಳ್ಳಿ, ಗೆಣಸಿನ ಎಲೆ, ಕಿಟಕಿ, ಸೈಕಲ್ಲು, ಹಸುವಿನ ಬೆನ್ನು ಎಲ್ಲವನ್ನೂ ಬಾವಿನೀರಿನಿಂದ ತೊಳೆಯುತ್ತೇವೆ. ತಡವಾದರೆ ಸಂಜೆಯೊಳಗೆ ಎಲೆ ಸುಟ್ಟುಹೋಗುತ್ತದೆ. ನಾಲ್ಕು ವರ್ಷದವಳಿದ್ದಾಗಲೇ ಅಮ್ಮ ನನ್ನ ಕೈಗೆ ತಗಡಿನ ಡಬ್ಬಿ ಕೊಟ್ಟು ಬಳ್ಳಿಯ ಮುಂದೆ ನಿಲ್ಲಿಸಿದ್ದಳು. ಗಿಡಕ್ಕೆ ಉಪ್ಪು ತಾಗಿದೆ ಎಂದರೆ ತೊಳೆಯಬೇಕು. ಇದು ನನಗೆ ಓದುಬರಹಕ್ಕಿಂತ ಮೊದಲು ಬಂದದ್ದು. ಮನಿಲಾದಲ್ಲಿ ತೊಳೆಯುವಾಗ, ಮರ್ಹಾನಾ, ಒಂದು ಕ್ಷಣ ನನಗೆ ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೇ ಅನ್ನಿಸಿತ್ತು. ಇದನ್ನು ಸಮರ್ಥನೆಗೆ ಹೇಳುತ್ತಿಲ್ಲ. ನಿನಗೆ ಕಾರಣ ಬೇಕಾಗಬಹುದು ಎಂದು ಹೇಳುತ್ತಿದ್ದೇನೆ.

ವಿಮಾನದಲ್ಲಿ ಮೂಟೆ ತೊಡೆಯ ಮೇಲಿತ್ತು. ಮಧ್ಯೆ ತುಗುಗರಾವೊದಲ್ಲಿ ಇಳಿದಾಗ ಕೈ ಹಾಕಿ ನೋಡಿದೆ. ಮೆತ್ತಗಾಗಿತ್ತು. ಆಗಲೇ ತಿಳಿಯಿತು.

ಬಾಸ್ಕೊದಲ್ಲಿ ಎಂಟೂ ಜನ ತಲೆಗೆ ತಾಳೆನಾರಿನ ವಾಕುಲ್ ಹಾಕಿಕೊಂಡು ಬೇಲಿಗೆ ಒರಗಿ ನಿಂತಿದ್ದರು. ಅಲ್ಲೇ ಬಿಚ್ಚಿದೆ. ಎಲ್ಲಕ್ಕಿಂತ ಹಿರಿಯಳು, ಉರ್ಸುಲಾ, ಒಂದು ತುಂಡನ್ನು ಎತ್ತಿದಳು. ಅದು ಬೆರಳಿನಿಂದ ಜಾರಿತು. "ಅಯ್ಯೋ ಪಾಪ, ಅಷ್ಟು ದೂರದಿಂದ ಬರೋದಂದ್ರೆ ಸುಮ್ನೇನಾ" ಎಂದಳು. ನಾನು ಹೌದು ಎಂದು ತಲೆ ಆಡಿಸಿದೆ. ಸುಳ್ಳು ಅಷ್ಟೇ, ಒಂದು ಸಲ ತಲೆ ಆಡಿಸಿದ್ದು. ಮಿಕ್ಕದ್ದನ್ನು ಅಂಕಿಗಳು ನೋಡಿಕೊಂಡವು. ನಾನು ಮಕ್ಕಳಿಗೆ ಹೇಳಿಕೊಡುವುದು ಅದೇ ಅಂಕಿಗಳನ್ನು: ದೂರ ಇಷ್ಟು, ಹೊತ್ತು ಇಷ್ಟು. ವರದಿ ಬರೆಯುವಾಗ ಎಷ್ಟು ಎಚ್ಚರದಿಂದ ನಿಮಿಷಗಳನ್ನು ಕೂಡಿದೆನೆಂದರೆ, ಕೂಡುವಷ್ಟು ಹೊತ್ತು ನಾನು ಪ್ರಾಮಾಣಿಕಳು ಅನ್ನಿಸುತ್ತಿತ್ತು.

ನಿನ್ನ ಮಾರ್ಚ್ ಪತ್ರದಲ್ಲಿ ಚಿಕ್ಕಮ್ಮನ ಕೈ ಮಡಿಲಲ್ಲಿದೆ ಎಂದು ಓದಿದ ಮೇಲೂ ನಾನು ಥರ್ಮೊಕೋಲ್ ಪೆಟ್ಟಿಗೆ ಒಳ್ಳೆಯದು ಎಂದು ಬರೆದೆ. ತೊಳೆದದ್ದಕ್ಕಿಂತ ಇದು ಕೆಟ್ಟದ್ದು. ಮೊದಲನೆಯದು ಕೈಯ ರೂಢಿ. ಇದು ಮೇಜಿನ ಮುಂದೆ ಕೂತು, ಯೋಚಿಸಿ, ಚೆನ್ನಾದ ಅಕ್ಷರದಲ್ಲಿ ಮಾಡಿದ್ದು.

ನಿನ್ನೆ ಸಮಿತಿಗೆ ಎಲ್ಲವನ್ನೂ ಬರೆದು ಸಹಿ ಹಾಕಿದೆ. ಅದರ ಪ್ರತಿ ಈ ಲಕೋಟೆಯಲ್ಲಿದೆ. ನಿನ್ನ ಕೈಯಿಂದ ಕೊಡಿಸೋಣ ಎಂದು ಮೊದಲು ಯೋಚಿಸಿದ್ದೆ, ನೀನು ಬೇಡ ಎಂದರೆ ಬೇಡ ಎಂಬಂತೆ. ನನ್ನ ಭಾರವನ್ನು ಮತ್ತೆ ನಿನ್ನ ತಲೆಗೆ ಕಟ್ಟಿದಂತಾಗುತ್ತಿತ್ತು. ನೇರವಾಗಿ ಕಳಿಸುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಮಹಾತಾವೊಗೆ ಹೋಗಿ ಎಂಟು ಜನರಿಗೂ ಹೇಳಿದೆ. ಬೆಳ್ಳುಳ್ಳಿ ಸುಲಿಯುತ್ತಿದ್ದರು, ಸುಲಿಯುತ್ತಲೇ ಇದ್ದರು. ಆಮೇಲೆ ಉರ್ಸುಲಾ ಹೇಳಿದಳು:

"ಉಪ್ಪು ಅಂದ್ರೆ ನಾನೂ ತೊಳೀತಿದ್ದೆ ಟೀಚರ್. ಆದ್ರೆ ಇಳಿದ ತಕ್ಷಣ ಹೇಳ್ತಿದ್ದೆ."

ನಾನು ಹೂಂ ಎಂದೆ.

"ಆ ಅಜ್ಜೀದು ಏನ್ ತಪ್ಪೂ ಇಲ್ಲ ಹಾಗಾದ್ರೆ?"

"ಏನೂ ಇಲ್ಲ."

"ಅವ್ರಿಗೆ ಗೊತ್ತಾ?"

"ಇನ್ನೂ ಇಲ್ಲ."

"ಮತ್ತೆ ಇಲ್ಲೇನ್ ಕೂತಿದೀರಿ?" ಎಂದಳು.

ಮತ್ತೊಬ್ಬಳು, ಕಿರಿಯವಳು, ಕೇಳಿದ ಪ್ರಶ್ನೆಯನ್ನೂ ಬರೆಯುತ್ತೇನೆ. "ಅಂದ್ರೆ ದಾರಿ ದೂರ ಏನಲ್ಲ. ಬೀಜ ಮತ್ತೆ ತರಿಸ್ಬಹುದು ಅಲ್ವಾ?" ಅದಕ್ಕೆ ಉತ್ತರ ಕೊಡುವ ಹಕ್ಕು ನನಗಿಲ್ಲ. ನೀನು ಇಲ್ಲ ಎಂದರೂ ಅವರಿಗೆ ಹಾಗೆಯೇ ತಿಳಿಸುತ್ತೇನೆ, ಕಾರಣದ ಸಮೇತ. ಹೌದು ಎಂದರೆ ಹೊತ್ತು ತರುವವಳು ಉರ್ಸುಲಾ. ಮುಚ್ಚಳದ ಡ್ರಮ್ಮು ಈಗಲೇ ಹುಡುಕಲು ಶುರು ಮಾಡಿದ್ದಾಳೆ. ಕಟ್ಟುವವರು ಮಾತ್ರ ಚಿಕ್ಕಮ್ಮನೇ ಆಗಬೇಕು ಎಂದು ಅವರೆಲ್ಲರ ಬೇಡಿಕೆ.

ಚಿಕ್ಕಮ್ಮನಿಗೆ ಈ ಪತ್ರವನ್ನು ಓದಿ ಹೇಳು. ದೋಣಿಕಟ್ಟೆಯ ಹುಡುಗಿಯರ ಮುಂದೆ, ಜೋರಾಗಿ. ಬೇಕಾದರೆ ಅವರು ನನ್ನನ್ನು ನೋಡಿ ನಗಲಿ. ದಾರದ ಉಂಡೆ ಅವರ ಕೈಗೆ ವಾಪಸ್ ಕೊಟ್ಟ ಮೇಲೆ ನನಗೆ ಬರೆಯಬೇಕೆನಿಸಿದರೆ ಬರೆ. ಅನಿಸದಿದ್ದರೆ ಅದೂ ನನಗೆ ಅರ್ಥವಾಗುತ್ತದೆ.

ನಮ್ಮ ಕಾಗದಗಳು ಈವರೆಗೆ ಹದಿನಾಲ್ಕು, ಹದಿನೈದು ದಿನ ತೆಗೆದುಕೊಂಡಿವೆ. ಸಭೆಗೆ ಇನ್ನು ಹದಿನೇಳು ದಿನ ಇದೆ. ಪೂರ್ವದ ಕಡೆ ಒಂದು ಗಾಳಿ ಏಳುತ್ತಿದೆ ಎಂದು ರೇಡಿಯೋ ಹೇಳುತ್ತಿದೆ. ನಾಳೆ ವಿಮಾನ ಬಾರದಿದ್ದರೆ ಟಪಾಲು ಶುಕ್ರವಾರಕ್ಕೆ ಹೋಗುತ್ತದೆ, ಆಗ ತಲುಪುವುದು ಅನುಮಾನ. ಅದಕ್ಕೆಂದು ಆಗಲೇ ಎದುರಿನ ಆಫೀಸಿಗೆ ಹೋಗಿ, ನನ್ನ ಹಳೆಯ ವಿದ್ಯಾರ್ಥಿಯ ಕೈಗೆ ಎರಡು ಚೀಟಿ ಕೊಟ್ಟು ಬಂದೆ. ಸಮಿತಿಗೆ: "ನನ್ನ ವರದಿ ಅಪೂರ್ಣ, ಸಹಿ ಮಾಡಿದ ಪತ್ರ ಬರುತ್ತಿದೆ, ಕಾಯಿರಿ." ನಿನಗೆ ಒಂದು ಪದ. ಅವನು ಅಕ್ಷರ ಎಣಿಸಿ, "ಇಷ್ಟೇನಾ ಟೀಚರ್?" ಎಂದ. ಇಷ್ಟೇ ಎಂದೆ.

ಉಳಿದದ್ದು ಈ ಲಕೋಟೆಯಲ್ಲಿದೆ. ನಾಳೆ ಅಂಚೆ ಕಚೇರಿ ಎಂಟಕ್ಕೆ ತೆರೆಯುತ್ತದೆ, ಏಳೂವರೆಗೇ ಬಾಗಿಲಲ್ಲಿರುತ್ತೇನೆ.

ಕ್ಲಾರಿತಾ

ಅಂಚೆಗೆ ಹಾಕುವ ದಿನ: ಮಂಗಳವಾರ, 11 ಜೂನ್ 1996.